ಲಿನಕ್ಸಿಗೆ ಯಾವ ಗ್ರಾಫಿಕ್ಸ್ ಕಾರ್ಡ್?

ಪ್ರಶ್ನೆ: ತೋಟದ ಲೆಕ್ಕಪತ್ರಕ್ಕೂ ಹೋಂಸ್ಟೇ ಬುಕಿಂಗಿಗೂ ಒಂದು ಕಂಪ್ಯೂಟರ್ ಜೋಡಿಸಬೇಕು. ವಿಂಡೋಸ್ ಬದಲು ಲಿನಕ್ಸ್ ಮಿಂಟೇ ಹಾಕಬೇಕೆಂದು ಮಗಳ ಹಠ. ಅವಳು ಸ್ವಲ್ಪ ವಿಡಿಯೊ ಎಡಿಟಿಂಗೂ ಮಾಡುತ್ತಾಳೆ. ‘ಯಾವ ಕಾರ್ಡಾದರೂ ನಡೀತದೆ, ಡ್ರೈವರ್ ನೆಟ್ಟಲ್ಲಿ ಸಿಗ್ತದೆ’ ಎಂದು ಅಂಗಡಿಯವರು ಎನ್ವಿಡಿಯಾ ಕಂಪನಿಯ ಹಳೆಯ ಜಿಟಿಎಕ್ಸ್ 1060 ತೋರಿಸಿದರು. ಕೊಳ್ಳಬಹುದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಬೇಡ. ಡ್ರೈವರ್ ನೆಟ್ಟಲ್ಲಿ ಸಿಗ್ತದೆ ಅನ್ನುವವರು ಕಕ್ಕಡದ ಮಳೆಯಲ್ಲಿ ಒಮ್ಮೆ ಶಾಂತಳ್ಳಿ ಕಡೆ ಬರಲಿ. ಕರೆಂಟ್ ಹೋಗಿ ಟವರೂ ಮಲಗಿದ ಮೇಲೆ ಏನನ್ನು ಇಳಿಸಿಕೊಳ್ಳುವುದು? ಡ್ರೈವರ್ ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ; ನಮಗೆ ಬೇಕಾದದ್ದು ಲಿನಕ್ಸಿನ ತಿರುಳಾದ ಕರ್ನಲ್ ಜೊತೆಗೇ ಬರುವ ಡ್ರೈವರ್.

ಚಿಪ್ ಕಂಪನಿ ಎಎಂಡಿ 2006ರಲ್ಲಿ ರೇಡಿಯಾನ್ ಕಾರ್ಡ್‌ಗಳ ಎಟಿಐ ಕಂಪನಿಯನ್ನು ಕೊಂಡು, ಮರುವರ್ಷವೇ ರೇಡಿಯಾನ್ ಚಿಪ್‌ಗಳ ತಾಂತ್ರಿಕ ದಾಖಲೆಗಳನ್ನು ಹೊರಬಿಡತೊಡಗಿತು. ಅದರ ಎಎಂಡಿಜಿಪಿಯು ಡ್ರೈವರ್ 2015ರಿಂದ ಲಿನಕ್ಸ್ ಕರ್ನಲ್ಲಿನ ಒಳಗೇ ಇದೆ. ಇಂಟೆಲ್‌ನದೂ ಹಾಗೆಯೇ. ಎನ್ವಿಡಿಯಾ ಮಾತ್ರ ಬಹಳ ಕಾಲ ಗುಟ್ಟು ಬಿಡಲಿಲ್ಲ. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಆ ಕಂಪನಿಗೆ ಬೆರಳೆತ್ತಿ ಬೈದರು. ಬೈದ ಮಾತು ಇಲ್ಲಿ ಅಚ್ಚು ಹಾಕುವಂಥದ್ದಲ್ಲ. 2022ರ ಮೇ ತಿಂಗಳಲ್ಲಿ ಎನ್ವಿಡಿಯಾದವರು ತಮ್ಮ ಡ್ರೈವರಿನ ಕರ್ನಲ್ ಭಾಗದ ಕೋಡನ್ನು ಎಲ್ಲರಿಗೂ ತೆರೆದಿಟ್ಟರು. ಅದೂ ಟ್ಯೂರಿಂಗ್ ಪೀಳಿಗೆಯಿಂದ ಈಚಿನ ಕಾರ್ಡ್‌ಗಳಿಗೆ, ಅಂದರೆ ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸರಣಿ ಮತ್ತು ಆಮೇಲಿನವಕ್ಕೆ ಮಾತ್ರ. ಕಾರ್ಡಿನಿಂದ ಭಾರಿ ಲೆಕ್ಕಾಚಾರ ಮಾಡಿಸುವ ಕ್ಯೂಡಾ ಮುಂತಾದ ಮೇಲಿನ ಭಾಗ ಇನ್ನೂ ಮುಚ್ಚಿಯೇ ಇದೆ.

ನಿಮಗೆ ತೋರಿಸಿದ 1060 ಅದಕ್ಕೂ ಹಿಂದಿನದು, ಪಾಸ್ಕಲ್ ಪೀಳಿಗೆಯದು. ಅದಕ್ಕೆ ನೂವೋ ಎಂಬ ಮುಕ್ತ ಡ್ರೈವರ್ ಇದೆ, ಹೆಚ್ಚಿನದನ್ನು ಉತ್ಸಾಹಿಗಳು ಚಿಪ್ಪನ್ನು ಹೊರಗಿನಿಂದಲೇ ತಡಕಿ ಬರೆದದ್ದು. ಪರದೆಯೇನೋ ಬರುತ್ತದೆ. ಆದರೆ ಕಂಪನಿಯ ಡಿಜಿಟಲ್ ಸಹಿಯಿರುವ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ತಂತ್ರಾಂಶ) ಇಲ್ಲದೆ ವೇಗ ಏರಿಸಲಾಗದು; ಮಡಿಕೇರಿವರೆಗೂ ಜೀಪನ್ನು ಫಸ್ಟ್ ಗೇರಿನಲ್ಲೇ ಓಡಿಸಿದ ಹಾಗೆ. ಕಂಪನಿಯ ಮುಚ್ಚಿದ ಡ್ರೈವರನ್ನೇ ಹಾಕೋಣವೆಂದರೆ, ಪಾಸ್ಕಲ್‌ಗೆ ಆ ಡ್ರೈವರಿನ 580 ಸರಣಿಯೇ ಕೊನೆ.

ನಿಜ ಹೇಳಬೇಕೆಂದರೆ ಲೆಕ್ಕ, ಬುಕಿಂಗಿಗೆ ಬೇರೆ ಕಾರ್ಡೇ ಬೇಡ. ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಸಾಕು. ಇಂಟೆಲ್ ಆದರೆ ಹೆಸರಿನ ಕೊನೆಗೆ ‘ಎಫ್’ ಇರುವುದನ್ನು ಮುಟ್ಟಬೇಡಿ, ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಮಗಳ ಕೆಲಸಕ್ಕೆ ಕಾರ್ಡ್ ಬೇಕೇ ಬೇಕೆನಿಸಿದರೆ ಮುಂದೆ ರೇಡಿಯಾನ್ ಸೇರಿಸಿ. ನಿನ್ನೆ ಮೊನ್ನೆ ಬಂದ ಮಾಡೆಲ್ ಬೇಡ, ಮಿಂಟ್‌ನ ಕರ್ನಲ್ ಅದಕ್ಕಿಂತ ಹಳೆಯದಿರಬಹುದು. ಕ್ಯೂಡಾ ಇಲ್ಲದೆ ಆಗದ ಕೆಲಸವಿದ್ದರೆ ಮಾತ್ರ ಆರ್‌ಟಿಎಕ್ಸ್ ಕಡೆ ನೋಡಿ.

ಅಂಗಡಿಗೆ ಹೋಗುವಾಗ ಮಿಂಟ್ ಹಾಕಿದ ಪೆನ್‌ಡ್ರೈವ್ ಒಯ್ಯಿರಿ. ಅದರಿಂದಲೇ ಬೂಟ್ ಮಾಡಿಸಿ, ಮಗಳ ಕೈಲಿ ‘ಎಲ್‌ಎಸ್‌ಪಿಸಿಐ -ಕೆ’ ಕಮಾಂಡ್ ಹೊಡೆಸಿ. ಗ್ರಾಫಿಕ್ಸ್ ಸಾಲಿನ ಕೆಳಗೆ ಎಎಂಡಿಜಿಪಿಯು, ಐ915 ಅಥವಾ ಎಕ್ಸ್‌ಇ ಎಂಬ ಡ್ರೈವರ್ ಹೆಸರು ಕಂಡ ಮೇಲೆ ದುಡ್ಡು ಕೊಡಿ.