ಒಟಿಪಿ ಯಾರಿಗೂ ಹೇಳದಿದ್ದರೂ ಖಾತೆಯಿಂದ ಹಣ ಹೋಗುವುದು ಹೇಗೆ?

ಒಂದು ದಾರಿ, ನಿಮ್ಮ ಬೆರಳಚ್ಚಿನ ನಕಲು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ, ಅಂದರೆ ಎಇಪಿಎಸ್‌ನಲ್ಲಿ, ಹಣ ತೆಗೆಯಲು ಒಟಿಪಿಯೂ ಬೇಡ, ಕಾರ್ಡೂ ಬೇಡ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇಷ್ಟಿದ್ದರೆ ಸಾಕು. ಪಿಂಚಣಿ ಪಡೆಯುವ ಹಳ್ಳಿಯ ಅಜ್ಜಿ ಪಿನ್ ನೆನಪಿಡುವ ಕಷ್ಟ ತಪ್ಪಲಿ ಎಂದು ಮಾಡಿದ ಏರ್ಪಾಡು ಇದು. ಕಳ್ಳನಿಗೂ ಆ ಕಷ್ಟ ತಪ್ಪಿತು.

ಬೆರಳಚ್ಚು ಅವನಿಗೆ ಸಿಗುವುದೆಲ್ಲಿ? ಮನೆ, ನಿವೇಶನದ ಕ್ರಯಪತ್ರ ತೆಗೆದು ನೋಡಿ. ನೋಂದಣಿಯ ದಿನ ಒತ್ತಿದ ಹೆಬ್ಬೆಟ್ಟಿನ ಗುರುತು ಗೆರೆಗೆರೆಯಾಗಿ ಕಾಣುತ್ತದೆ, ಅದೇ ಪತ್ರದಲ್ಲಿ ಆಧಾರ್ ಸಂಖ್ಯೆಯೂ ಇರಬಹುದು. ಪತ್ರದ ಪ್ರತಿ ಕೈಗೆ ಸಿಕ್ಕರೆ ಆ ಗೆರೆಗಳನ್ನು ಸಿಲಿಕೋನ್ ಮೇಲೆ ಅಚ್ಚು ತೆಗೆದು ಯಾವುದೋ ಊರಿನ ಎಇಪಿಎಸ್ ಬೆರಳಚ್ಚು ಯಂತ್ರದ ಮೇಲೆ ಒತ್ತುತ್ತಾರೆ. 2023ರಲ್ಲಿ ಕರ್ನಾಟಕದಲ್ಲಿ ನೋಂದಣಿ ಪತ್ರಗಳ ಬೆರಳಚ್ಚು ಬಳಸಿ ಹಣ ಲಪಟಾಯಿಸಿದ ದೂರುಗಳು ಸಾಲಾಗಿ ಬಂದಿದ್ದವು. ಒಮ್ಮೆಗೆ ತೆಗೆಯಬಹುದಾದ ಮಿತಿ 10,000 ರೂಪಾಯಿ, ಆದ್ದರಿಂದ ಕಂತುಕಂತಾಗಿ ಹಣ ಹೋಗಿದ್ದರೆ ಮೊದಲು ಇದನ್ನೇ ಶಂಕಿಸಿ.

ಪಾಸ್‌ವರ್ಡ್ ಬದಲಿಸಬಹುದು, ಹೆಬ್ಬೆರಳನ್ನು ಬದಲಿಸಲಾಗದು. ಹಾಗಾಗಿ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ, ಅಂದರೆ ನಿಮ್ಮ ಬೆರಳಚ್ಚು ಎಲ್ಲೂ ನಡೆಯದಂತೆ ಬೀಗ ಹಾಕಿ. ಪಡಿತರ ಅಂಗಡಿಗೆ ಹೋಗುವಾಗ ತಾತ್ಕಾಲಿಕವಾಗಿ ತೆರೆಯಬೇಕಾಗುತ್ತದೆ, ಅಷ್ಟೇ ಕಿರಿಕಿರಿ. ಹಣ ಈಗಾಗಲೇ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.