ಸೌಂಡ್‌ಬೋರ್ಡ್ ರೆಕಾರ್ಡಿಂಗ್‌ನಲ್ಲಿ ಡ್ರಮ್ಸ್ ಯಾಕೆ ಸಣ್ಣಗೆ ಕೇಳಿಸುತ್ತದೆ?

ಒಂದು ಫೋಕ್ ರಾಕ್ ಬ್ಯಾಂಡ್‌ನ ಒಂದೇ ಶೋನ ಎರಡು ರೆಕಾರ್ಡಿಂಗ್ ಸಿಕ್ಕಿವೆ, ಒಂದು ಜನರ ನಡುವೆ ಮೈಕ್ ಇಟ್ಟು ಮಾಡಿದ್ದು, ಇನ್ನೊಂದು ಸೌಂಡ್‌ಬೋರ್ಡ್‌ನದ್ದು, ಅಂದರೆ ಹಾಲ್‌ನ ಸದ್ದು ಹೊಂದಿಸುವ ಮಿಕ್ಸರ್‌ನಿಂದ ನೇರವಾಗಿ ತೆಗೆದದ್ದು, ಅದರಲ್ಲಿ ಹಾಡು ಸ್ಪಷ್ಟವಾಗಿದೆ, ಡ್ರಮ್ಸ್ ಮಾತ್ರ ಕೇಳಿಸುವುದೇ ಇಲ್ಲ, ಫೈಲ್ ಹಾಳಾಗಿದೆಯಾ ಅಂತ ಕೇಳಿದ್ದೀರಿ. ಹಾಳಾಗಿರಲಿಕ್ಕಿಲ್ಲ. ಈಗಷ್ಟೇ ಹೆಸರು ಮಾಡುತ್ತಿರುವ ಫೋಕ್ ರಾಕ್ ಬ್ಯಾಂಡ್‌ಗಳು ಹೆಚ್ಚಾಗಿ ನುಡಿಸುವುದು ಚಿಕ್ಕ ಹಾಲ್‌ಗಳಲ್ಲಿ. ಅಲ್ಲಿ ಡ್ರಮ್ಸ್‌ಗೆ ತನ್ನದೇ ಸದ್ದು ಸಾಕು. ಹಾಗಾಗಿ ಮಿಕ್ಸರ್‌ನಲ್ಲಿ ಅದನ್ನು ತಗ್ಗಿಸಿ, ಹಾಡುವವರ ದನಿ, ಬ್ಯಾಂಜೋ, ಪಿಟೀಲು ಜಾಸ್ತಿ ಮಾಡುತ್ತಾರೆ. ನಿಮ್ಮ ಫೈಲ್‌ಗೆ ಬಂದಿರುವುದು ಆ ಮಿಕ್ಸರ್‌ನ ಲೆಕ್ಕ, ಹಾಲ್‌ನಲ್ಲಿ ಕೇಳಿಸಿದ್ದಲ್ಲ.

ನಾನಾದರೆ ಜನರ ನಡುವೆ ಮೈಕ್ ಇಟ್ಟು ಮಾಡಿದ್ದನ್ನೇ ಮೊದಲು ಕೇಳುತ್ತೇನೆ. ಕೊನೇ ಕೋರಸ್‌ಗೆ ಇಡೀ ಹಾಲ್ ದನಿಗೂಡಿಸುತ್ತದಲ್ಲ, ಮರದ ನೆಲದ ಮೇಲೆ ಕಾಲಿನ ತಾಳ ಕೇಳಿಸುತ್ತದಲ್ಲ, ಅದು ಅಲ್ಲೇ ಸಿಗುವುದು.

ಎರಡನ್ನೂ ಬೆರೆಸಲೂಬಹುದು, ಅದಕ್ಕೆ ಮ್ಯಾಟ್ರಿಕ್ಸ್ ಅಂತಾರೆ. ಆದರೆ ಸುಮ್ನೆ ಒಂದರ ಮೇಲೊಂದು ಇಡಬೇಡಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಮೈಕ್ ವೇದಿಕೆಯಿಂದ 20 ಮೀಟರ್ ದೂರವಿದ್ದರೆ ಸದ್ದು ಅಲ್ಲಿಗೆ 58 ಮಿಲಿಸೆಕೆಂಡ್ ತಡ. ಒಂದೇ ಏಟು ಎರಡು ಸಲ ಬಿದ್ದ ಹಾಗೆ ಕೇಳಿಸುತ್ತದೆ. ಎರಡರಲ್ಲೂ ಸ್ಪಷ್ಟವಾಗಿರುವ ಒಂದು ಸ್ನೇರ್ (ಚಟ್ ಅಂತ ಚುರುಕಾಗಿ ಸದ್ದು ಮಾಡುವ ಡ್ರಮ್) ಏಟು ಹುಡುಕಿ, ಅದಕ್ಕೆ ಸರಿಯಾಗಿ ಜೋಡಿಸಿ. ಶೋನ ಕೊನೆಯಲ್ಲಿ ಇನ್ನೊಮ್ಮೆ ನೋಡಿ, ಎರಡು ರೆಕಾರ್ಡರ್‌ಗಳ ಗಡಿಯಾರ ಅಷ್ಟು ಹೊತ್ತಿಗೆ ಸ್ವಲ್ಪ ಆಚೀಚೆ ಆಗಿರುತ್ತದೆ.