ಫೋನ್ ಬ್ಯಾಟರಿ ಉಬ್ಬಿದರೆ ಬೆಂಕಿ ಹತ್ತುತ್ತದಾ?

ಉಬ್ಬಿದ ತಕ್ಷಣ ಹತ್ತಲೇಬೇಕು ಅಂತೇನಿಲ್ಲ, ಆದರೆ ಅದನ್ನು ಇನ್ನೊಂದು ಸಲವೂ ಚಾರ್ಜಿಗೆ ಹಾಕಬೇಡಿ. ಲಿಥಿಯಂ ಬ್ಯಾಟರಿಯ ಪದರಗಳ ಮಧ್ಯೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಉಬ್ಬಿದ ಒತ್ತಡಕ್ಕೋ ಬೇರೆ ಕಾರಣಕ್ಕೋ ಅದು ಹರಿದರೆ ಒಳಗೇ ಶಾರ್ಟ್ ಆಗಿ ಬಿಸಿ ಏರುತ್ತದೆ, ಆ ಬಿಸಿಯೇ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ, ಒಳಗಿರುವ ದ್ರವವೂ ಉರಿಯುವಂಥದ್ದೇ. 2016ರಲ್ಲಿ ಸ್ಯಾಮ್‌ಸಂಗ್ ನೋಟ್ 7 ಫೋನುಗಳನ್ನು ವಾಪಸ್ ತರಿಸಿಕೊಂಡಿದ್ದು ಇಂಥ ಶಾರ್ಟಿನಿಂದಲೇ: ಮೊದಲಿನ ಬ್ಯಾಟರಿಗಳಲ್ಲಿ ಒಳಗಿನ ಮೂಲೆ ಬಾಗಿತ್ತು, ಬದಲಿಗೆ ಕೊಟ್ಟವುಗಳಲ್ಲಿ ವೆಲ್ಡಿಂಗಿನ ಚೂಪು ಉಳಿದಿತ್ತು. ನಮ್ಮನೆಯ ಹಳೇ ಪವರ್ ಬ್ಯಾಂಕ್ ಇಡ್ಲಿ ಥರ ಉಬ್ಬಿ ಬಾಯಿ ಬಿಟ್ಟಿತ್ತು. ಗಾಳಿ ಹೋಗಲಿ ಅಂತ ಪಿನ್ ಚುಚ್ಚುವವರೂ ಇದ್ದಾರೆ, ದಯವಿಟ್ಟು ಬೇಡ. ಆಫ್ ಮಾಡಿ, ಹಾಸಿಗೆ, ಬಟ್ಟೆಯಿಂದ ದೂರ ಇಡಿ, ಇ-ವೇಸ್ಟ್ ತಗೊಳ್ಳುವವರಿಗೆ ಕೊಡಿ. ಕಸದ ಗಾಡಿಗಂತೂ ಎಸೆಯಬೇಡಿ, ಅಲ್ಲಿ ಜಜ್ಜಿಹೋದರೆ ಇಡೀ ಗಾಡಿಗೇ ಬೆಂಕಿ ಹತ್ತಬಹುದು.